ಬೇಲಿಯ ಆಚೆಗೂ ಈಚೆಗೂ ಒಂದೇ ರೆಫರ್ ಚೀಟಿ: ಕಾಕ್ಸ್ ಬಜಾರಿನಲ್ಲಿ ಆರೋಗ್ಯ ಸಮನ್ವಯದ ಕೆಲಸ

ಪ್ರಶ್ನೆ: ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಈಗ ಒಂದು ಸ್ವಯಂಸೇವಾ ಸಂಸ್ಥೆ ನನ್ನನ್ನು ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ, ರೋಹಿಂಗ್ಯಾ ಕ್ಯಾಂಪುಗಳಿಗೆ ಕಳಿಸುತ್ತಿದೆ. ‘ನಿರಾಶ್ರಿತರು ಹಾಗೂ ದುರ್ಬಲ ಸ್ಥಳೀಯರ ಆರೋಗ್ಯ ಕಾರ್ಯಕ್ರಮಗಳ ಸಮನ್ವಯ’ ಎಂದು ನೇಮಕಾತಿ ಪತ್ರದಲ್ಲಿದೆ. ಸಮನ್ವಯ ಅಂದರೆ ಮೀಟಿಂಗ್ ಮಾಡುವುದೇ? ಎಲ್ಲಿಂದ ಶುರುಮಾಡಲಿ? ‘ಬಂದವರಿಗೆ ಎಲ್ಲಾ, ನಮಗೇನೂ ಇಲ್ಲ’ ಎನ್ನುವ ಊರಿನವರಿಗೆ ಏನು ಹೇಳಲಿ?

ಉತ್ತರ: ಮೀಟಿಂಗ್ ತಪ್ಪಿದ್ದಲ್ಲ, ವಾರಕ್ಕೆ ನಾಲ್ಕೈದು ಇದ್ದೇ ಇರುತ್ತವೆ. ಆದರೆ ಅವು ಕೆಲಸವಲ್ಲ. ಒಂದೇ ಗುಡ್ಡದ ಮೇಲೆ ಹತ್ತು ಸಂಸ್ಥೆಗಳು ಕ್ಲಿನಿಕ್ ನಡೆಸುವಾಗ ಎಲ್ಲರೂ ಒಂದು ರೋಗವನ್ನು ಒಂದೇ ಲಕ್ಷಣಗಳಿಂದ ಗುರುತಿಸಬೇಕು, ಒಂದೇ ಪಟ್ಟಿಯ ಔಷಧ ಕೊಡಬೇಕು, ಒಂದೇ ನಮೂನೆಯ ರೆಫರ್ ಚೀಟಿ ಬರೆಯಬೇಕು, ನರ್ಸಿಗೆ ಹೆಚ್ಚುಕಡಿಮೆ ಒಂದೇ ಸಂಬಳ ಕೊಡಬೇಕು. ಈ ನಾಲ್ಕು ಕೂಡಿಬರುವಂತೆ ನೋಡಿಕೊಳ್ಳುವುದೇ ನಿಮ್ಮ ಕೆಲಸ. ಕೂಡಿಬಂತೋ ಇಲ್ಲವೋ ಎಂಬುದು ಕ್ಯಾಂಪಿನೊಳಗೆ ಗೊತ್ತಾಗುವುದಿಲ್ಲ. ಬೇಲಿಯಾಚೆಗಿನ ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ, ಅಲ್ಲಿನ ಹೆರಿಗೆ ಕೋಣೆಯಲ್ಲಿ ಗೊತ್ತಾಗುತ್ತದೆ.

ಮೊದಲು ಊರಿನ ಲೆಕ್ಕ. ಕ್ಯಾಂಪುಗಳಿರುವುದು ಕಾಕ್ಸ್ ಬಜಾರ್ ಜಿಲ್ಲೆಯ ಉಖಿಯಾ ಮತ್ತು ಟೆಕ್ನಾಫ್ ಎಂಬ ಎರಡು ಉಪಜಿಲ್ಲೆಗಳಲ್ಲಿ; ನಮ್ಮ ತಾಲ್ಲೂಕು ಎಂದುಕೊಳ್ಳಿ. 2011ರ ಜನಗಣತಿಯಲ್ಲಿ ಇವೆರಡರ ಜನಸಂಖ್ಯೆ ಸೇರಿ ಸುಮಾರು 4.7 ಲಕ್ಷ. 2017ರ ಆಗಸ್ಟ್ 25ರ ನಂತರದ ಕೆಲವೇ ತಿಂಗಳಲ್ಲಿ ಮ್ಯಾನ್ಮಾರಿನ ರಖೈನ್‌ನಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಇಲ್ಲಿಗೆ ಬಂದರು. 1978ರಲ್ಲಿ, ಮತ್ತೆ 1991–92ರಲ್ಲಿ ಬಂದವರ ಪೈಕಿ ಉಳಿದವರೂ ಇದ್ದರು. 2024ರಿಂದೀಚೆಗೆ ಇನ್ನೂ ಸುಮಾರು ಒಂದೂವರೆ ಲಕ್ಷ ಜನ ಸೇರಿದ್ದಾರೆ. ಅಂದರೆ ಈ ಎರಡು ತಾಲ್ಲೂಕುಗಳಲ್ಲಿ ಊರಿನವರಿಗಿಂತ ನಿರಾಶ್ರಿತರೇ ಹೆಚ್ಚು. ಕ್ಯಾಂಪುಗಳು 33. ನಾಲ್ಕೂವರೆ ಲಕ್ಷ ಜನರಿಗೆಂದು ಕಟ್ಟಿದ ಸರ್ಕಾರಿ ಆರೋಗ್ಯ ವ್ಯವಸ್ಥೆ, ಅದೂ ಹಿಂದುಳಿದ ಗಡಿ ಜಿಲ್ಲೆಯದ್ದು, ಮೂರು ಪಟ್ಟು ಭಾರ ಹೊತ್ತು ನಿಂತಿದೆ. ಊರಿನವರ ಸಿಟ್ಟಿನ ಬೇರು ಇಲ್ಲಿದೆ.

ಅಧಿಕಾರದ ವಿಚಾರದಲ್ಲಿ ಎರಡು ದಾರಗಳಿವೆ, ಎರಡನ್ನೂ ಹಿಡಿದಿರಬೇಕು. ಕ್ಯಾಂಪಿನ ಆಡಳಿತ ನಿರಾಶ್ರಿತರ ಪರಿಹಾರ ಮತ್ತು ವಾಪಸಾತಿ ಆಯುಕ್ತರ ಕಚೇರಿಯದು. ಕ್ಯಾಂಪಿನ ಉಸ್ತುವಾರಿಗೆ ಒಬ್ಬ ಸರ್ಕಾರಿ ಅಧಿಕಾರಿ ಇರುತ್ತಾರೆ, ಅವರನ್ನು ಎಲ್ಲರೂ ‘ಸಿಐಸಿ’ ಎನ್ನುತ್ತಾರೆ. ಆರೋಗ್ಯದ ಆಡಳಿತ ಜಿಲ್ಲಾ ಸಿವಿಲ್ ಸರ್ಜನ್ ಕಚೇರಿಯದು, ನಮ್ಮ ಜಿಲ್ಲಾ ಆರೋಗ್ಯಾಧಿಕಾರಿ ಅಂದರೆ ಡಿಎಚ್‌ಒ ಇದ್ದಂತೆ. ಆರೋಗ್ಯ ವಲಯದ (ಇಲ್ಲಿ ಆರೋಗ್ಯದ ಕೆಲಸ ಮಾಡುವ ಎಲ್ಲ ಸಂಸ್ಥೆಗಳ ಕೂಟದ) ಸಮನ್ವಯವನ್ನು ಈ ಕಚೇರಿಯೂ ವಿಶ್ವ ಆರೋಗ್ಯ ಸಂಸ್ಥೆಯೂ ಜೊತೆಯಾಗಿ ನಡೆಸುತ್ತವೆ. ಹೊಸದಾಗಿ ಬಂದವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಮೊದಲ ದಾರವನ್ನೇ ಜಗ್ಗುವುದು: ಸಿಐಸಿ ಒಪ್ಪಿದರು, ಕ್ಲಿನಿಕ್ ತೆರೆಯಿತು. ಆರು ತಿಂಗಳಾದ ಮೇಲೆ ಲಸಿಕೆ, ಕ್ಷಯದ ಮಾತ್ರೆ, ಮಲೇರಿಯಾ ಕಿಟ್ ಬೇಕಾದಾಗ ಅವೆಲ್ಲ ಬರುವುದು ಸಿವಿಲ್ ಸರ್ಜನ್ ಕಚೇರಿಯ ಮೂಲಕ ಎಂದು ತಿಳಿಯುತ್ತದೆ. ಅಲ್ಲಿ ನಿಮ್ಮ ಕ್ಲಿನಿಕ್ಕಿನ ಹೆಸರೇ ಇರುವುದಿಲ್ಲ. ಅಲ್ಲಿಗೆ ತಲುಪಿದ ಮೊದಲ ವಾರದಲ್ಲೇ ಉಖಿಯಾ ಮತ್ತು ಟೆಕ್ನಾಫಿನ ಉಪಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಅವರ ಆಸ್ಪತ್ರೆಯಲ್ಲೇ ಹೋಗಿ ಕಾಣಿ. ಇನ್ನೊಂದು ಸೂಕ್ಷ್ಮ: ಬಾಂಗ್ಲಾದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ (ಭಾರತವೂ ಹಾಕಿಲ್ಲ). ಸರ್ಕಾರಿ ಕಾಗದಗಳಲ್ಲಿ ಇವರು ‘ಬಲವಂತವಾಗಿ ಸ್ಥಳಾಂತರಗೊಂಡ ಮ್ಯಾನ್ಮಾರ್ ಪ್ರಜೆಗಳು’. ಅಧಿಕಾರಿಗಳಿಗೆ ಬರೆಯುವ ಪತ್ರದಲ್ಲಿ ಪದ ತಪ್ಪಿದರೆ ಪತ್ರ ಮೇಜಿನ ಮೇಲೇ ಉಳಿಯುತ್ತದೆ.

ಆಮೇಲೆ ಯಾರು, ಏನು, ಎಲ್ಲಿ, ಯಾವಾಗ, ಯಾರಿಗಾಗಿ ಎಂಬ ಐದು ಕಾಲಮ್ಮಿನ ಪಟ್ಟಿ. ಇದು ಈಗಾಗಲೇ ಇದೆ, ನೀವು ಹೊಸದು ಮಾಡಬೇಡಿ. ಆದರೆ ಅದನ್ನು ನಂಬಲೂಬೇಡಿ. ಪಟ್ಟಿ ಹಿಡಿದು ನಡೆದು ನೋಡಿ. ಕಾಗದದಲ್ಲಿ ‘24 ಗಂಟೆ ಹೆರಿಗೆ ಸೌಲಭ್ಯ’ ಎಂದಿರುವ ಕಡೆ ಸಂಜೆ ಐದಕ್ಕೆ ಬೀಗ ಇರಬಹುದು, ಏಕೆಂದರೆ ರಾತ್ರಿ ಕ್ಯಾಂಪಿನಲ್ಲಿ ಉಳಿಯಲು ಸಿಬ್ಬಂದಿಗೆ ಅನುಮತಿ ಬೇಕು. ರಸ್ತೆ ಬದಿಯ ಕ್ಯಾಂಪುಗಳಲ್ಲಿ ಕ್ಲಿನಿಕ್ಕುಗಳು ಒತ್ತೊತ್ತಾಗಿರುತ್ತವೆ, ಗುಡ್ಡದ ಹಿಂದಿನ ಬ್ಲಾಕುಗಳಲ್ಲಿ ಒಂದೂ ಇರುವುದಿಲ್ಲ. ಗಾಡಿ ಹೋಗುವಲ್ಲಿ ಕ್ಲಿನಿಕ್ ಕಟ್ಟುವುದು ಸುಲಭ, ದಾನಿಗಳನ್ನು ಕರೆದೊಯ್ದು ತೋರಿಸುವುದೂ ಸುಲಭ.

ಎಷ್ಟು ಬೇಕು ಎಂಬುದಕ್ಕೆ ಲೆಕ್ಕವಿದೆ. ತುರ್ತು ನೆರವಿನಲ್ಲಿ ಬಳಸುವ ಅಳತೆ: ಸುಮಾರು 10 ಸಾವಿರ ಜನರಿಗೆ ಒಂದು ಮೂಲ ಆರೋಗ್ಯ ಘಟಕ, 50 ಸಾವಿರಕ್ಕೆ ಒಂದು ಪ್ರಾಥಮಿಕ ಕೇಂದ್ರ, ಎರಡೂವರೆ ಲಕ್ಷಕ್ಕೆ ಒಂದು ಆಸ್ಪತ್ರೆ. ಒಬ್ಬ ವ್ಯಕ್ತಿ ವರ್ಷಕ್ಕೆ 2ರಿಂದ 4 ಸಲ ವೈದ್ಯರನ್ನು ಕಾಣುತ್ತಾನೆ ಎಂದುಕೊಂಡರೆ 10 ಸಾವಿರ ಜನರಿಗೆ ವರ್ಷಕ್ಕೆ 20ರಿಂದ 40 ಸಾವಿರ ಭೇಟಿ. ವರ್ಷಕ್ಕೆ 300 ಕೆಲಸದ ದಿನ ಹಿಡಿದರೆ ದಿನಕ್ಕೆ 67ರಿಂದ 133. ಒಬ್ಬ ವೈದ್ಯ ಅಥವಾ ವೈದ್ಯ ಸಹಾಯಕ ದಿನಕ್ಕೆ 50ಕ್ಕಿಂತ ಹೆಚ್ಚು ರೋಗಿಗಳನ್ನು ನೋಡಬಾರದು. ಹಾಗಾಗಿ ಇಬ್ಬರು ಬೇಕೇ ಬೇಕು, ಮಳೆಗಾಲಕ್ಕೆ ಮೂವರು. ನಿಮ್ಮ ಅಂಕಿ ವರ್ಷಕ್ಕೆ ತಲಾ 6 ಭೇಟಿ ಎಂದು ತೋರಿಸಿದರೆ ಹಿಗ್ಗಬೇಡಿ. ಜನ ಒಂದು ಕ್ಲಿನಿಕ್ಕಿನಿಂದ ಇನ್ನೊಂದಕ್ಕೆ ಅಲೆಯುತ್ತಿದ್ದಾರೆ, ಅಥವಾ ಮರುಭೇಟಿಯನ್ನೂ ಹೊಸ ಭೇಟಿ ಎಂದು ಬರೆಯುತ್ತಿದ್ದಾರೆ. ತಲಾ 1ಕ್ಕಿಂತ ಕಡಿಮೆ ಬಂದರೆ ದಾರಿ, ಭಾಷೆ ಅಥವಾ ಹೆಂಗಸರಿಗೆ ಹೆಣ್ಣು ಸಿಬ್ಬಂದಿ ಇಲ್ಲದಿರುವುದು ಕಾರಣವಾಗಿರುತ್ತದೆ. ಲೆಕ್ಕದ ಬುಡದಲ್ಲಿ ಕ್ಯಾಂಪಿನವರನ್ನಷ್ಟೇ ಇಟ್ಟರೆ ಎಲ್ಲವೂ ತಪ್ಪಾಗುತ್ತದೆ: ಉಚಿತವಾಗಿ ಔಷಧ ಸಿಗುವಲ್ಲಿಗೆ ಪಕ್ಕದ ಹಳ್ಳಿಯವರೂ ಬರುತ್ತಾರೆ, ಬರಬೇಕು. ರಿಜಿಸ್ಟರಿನಲ್ಲಿ ‘ಕ್ಯಾಂಪು / ಊರು’ ಎಂಬ ಕಾಲಮ್ ಇರಲಿ. ಅದು ಎಣಿಸುವುದಕ್ಕೆ, ಸಾಲು ಬೇರೆ ಮಾಡುವುದಕ್ಕಲ್ಲ.

ಹೆರಿಗೆಯ ಲೆಕ್ಕ ಇನ್ನೂ ಖಚಿತ. ಸಾವಿರಕ್ಕೆ 30 ಜನನ ಎಂದು ಹಿಡಿದರೆ 10 ಸಾವಿರ ಜನರಲ್ಲಿ ತಿಂಗಳಿಗೆ 25 ಹೆರಿಗೆ. ಅವುಗಳಲ್ಲಿ ಶೇಕಡಾ 15ರಷ್ಟು, ಅಂದರೆ ಸುಮಾರು ನಾಲ್ಕು, ತೊಡಕಿನವು. ಎಲ್ಲ ಕ್ಯಾಂಪುಗಳು ಸೇರಿ ವರ್ಷಕ್ಕೆ ಸುಮಾರು 30 ಸಾವಿರ ಹೆರಿಗೆ. ಶೇಕಡಾ 5ಕ್ಕೆ ಮಾತ್ರ ಸಿಸೇರಿಯನ್ ಬೇಕೆಂದರೂ ದಿನಕ್ಕೆ ನಾಲ್ಕು. ಈ ನಾಲ್ವರು ಎಲ್ಲಿಗೆ ಹೋಗಬೇಕು, ಯಾರ ಗಾಡಿಯಲ್ಲಿ, ಯಾರ ಸಹಿಯಿಂದ? ಇಲ್ಲಿಗೆ ಬಂದಾಗ ನಿಮ್ಮ ಕೆಲಸದ ಅರ್ಧದಷ್ಟಾದರೂ ರೆಫರಲ್ ಎಂದು ತಿಳಿಯುತ್ತದೆ.

ನಿರಾಶ್ರಿತರು ಕ್ಯಾಂಪು ಬಿಟ್ಟು ಹೊರಗೆ ಹೋಗಲು ಅನುಮತಿ ಬೇಕು, ದಾರಿಯಲ್ಲಿ ಚೆಕ್‌ಪೋಸ್ಟ್‌ಗಳಿವೆ. ಕಾಕ್ಸ್ ಬಜಾರಿನ ಸದರ್ ಆಸ್ಪತ್ರೆ, ಅಂದರೆ ಜಿಲ್ಲಾ ಆಸ್ಪತ್ರೆ, ಅತಿ ದೊಡ್ಡ ಕ್ಯಾಂಪಾದ ಕುತುಪಾಲಾಂಗಿನಿಂದ ಮೂವತ್ತೈದು ನಲವತ್ತು ಕಿಲೋಮೀಟರ್. ಅಲ್ಲಾಗದಿದ್ದರೆ ಚಿತ್ತಗಾಂಗ್ ವೈದ್ಯಕೀಯ ಕಾಲೇಜು, ಕಾಕ್ಸ್ ಬಜಾರಿನಿಂದ ಮತ್ತೆ ಸುಮಾರು 150 ಕಿಲೋಮೀಟರ್. ಗುಡ್ಡದ ಮೇಲಿನ ಗುಡಿಸಲಿನಿಂದ ಇಟ್ಟಿಗೆ ಮೆಟ್ಟಿಲಿಳಿದು ರಸ್ತೆಗೆ ಬರುವುದೇ ಒಂದು ಪ್ರಯಾಣ: ಬಿದಿರಿನ ಗಳಕ್ಕೆ ಬಟ್ಟೆ ಕಟ್ಟಿ ಹೊತ್ತು ತರುತ್ತಾರೆ, ಅಲ್ಲಿಂದ ಬ್ಯಾಟರಿ ಆಟೋ, ಅದಕ್ಕೆ ಅಲ್ಲಿ ‘ಟಮ್‌ಟಮ್’ ಎನ್ನುತ್ತಾರೆ. ಆಂಬುಲೆನ್ಸ್ ಕೊಟ್ಟರೆ ರೆಫರಲ್ ಆಯಿತು ಎಂದುಕೊಂಡ ಯೋಜನೆಗಳು ಇಲ್ಲಿ ಮುಗ್ಗರಿಸುತ್ತವೆ. ಆಸ್ಪತ್ರೆಗೆ ಹೋಗಲು ಒಪ್ಪದ ಹೆಂಗಸನ್ನು ಕೇಳಿ ನೋಡಿ, ಕಾರಣಗಳು ಸಣ್ಣವೇ. ಮನೆಯಲ್ಲಿ ಮಕ್ಕಳನ್ನು ನೋಡುವವರಿಲ್ಲ. ಜೊತೆಗೆ ಬರುವವರಿಗೆ ಪಾಸ್ ಇಲ್ಲ. ಆಸ್ಪತ್ರೆಯಲ್ಲಿ ರೋಗಿಗೆ ಊಟವಿದೆ, ಜೊತೆಗಾರರಿಗಿಲ್ಲ. ಅಲ್ಲಿನವರು ಬಯ್ಯುತ್ತಾರೆ. ಸತ್ತರೆ ಹೆಣ ಕ್ಯಾಂಪಿಗೆ ತರುವವರಾರು?

ಆದ್ದರಿಂದ ಒಪ್ಪಂದ ಹೀಗಿರಲಿ. ರೆಫರ್ ಚೀಟಿ ಮೂರು ಪ್ರತಿ: ಒಂದು ಕ್ಲಿನಿಕ್ಕಿನಲ್ಲಿ, ಒಂದು ಆಸ್ಪತ್ರೆಗೆ, ಮೂರನೆಯದು ಬಿಡುಗಡೆಯ ದಿನ ವೈದ್ಯರು ತುಂಬಿ ರೋಗಿಯ ಕೈಯಲ್ಲೇ ಹಿಂದೆ ಕಳಿಸುವುದು. ಹೊರಡುವ ಮೊದಲು ಫೋನ್ ಮಾಡಿ ಹಾಸಿಗೆ ಕೇಳಬೇಕು. ‘ಕಳಿಸಿಬಿಟ್ಟಿದ್ದೇವೆ’ ಎಂದು ಆಮೇಲೆ ಹೇಳುವುದಲ್ಲ. ರಕ್ತಸ್ರಾವ, ಹೆರಿಗೆ ಸಿಕ್ಕಿಹಾಕಿಕೊಂಡಿರುವುದು, ಗರ್ಭಿಣಿಗೆ ಫಿಟ್ಸ್, ಉಸಿರು ಕಟ್ಟುತ್ತಿರುವವರು, ಎಚ್ಚರವಿಲ್ಲದ ಮಗು: ಈ ಐದಕ್ಕೆ ಮೊದಲು ಗಾಡಿ ಹೊರಡಬೇಕು, ಸಹಿ ಹಿಂದಿನಿಂದ ಬರಬೇಕು. ಇದನ್ನು ಸಿಐಸಿ ಜೊತೆ ಬರವಣಿಗೆಯಲ್ಲಿ ಮೊದಲೇ ಒಪ್ಪಿಸಿಕೊಂಡು ಪ್ರತಿಯನ್ನು ಚೆಕ್‌ಪೋಸ್ಟಿಗೂ ಆಂಬುಲೆನ್ಸ್ ಚಾಲಕರಿಗೂ ಕೊಡಿ. ರಾತ್ರಿ ಎರಡು ಗಂಟೆಗೆ ಯಾರನ್ನೂ ಒಪ್ಪಿಸಲಾಗುವುದಿಲ್ಲ. ಬಜೆಟ್ಟಿನಲ್ಲಿ ಜೊತೆಗಾರರ ಊಟ, ಮರಳುವ ಗಾಡಿ, ಶವ ಸಾಗಣೆ, ರಕ್ತಪರೀಕ್ಷೆಯ ಹಣ ಪ್ರತ್ಯೇಕ ಸಾಲಾಗಿ ಇರಲಿ. ವಾರಕ್ಕೊಮ್ಮೆ ಮೂರು ಅಂಕಿ ನೋಡಿ: ಎಷ್ಟು ಜನರನ್ನು ಕಳಿಸಿದಿರಿ, ಎಷ್ಟು ಜನ ಮುಟ್ಟಿದರು, ಎಷ್ಟು ಚೀಟಿ ಮರಳಿತು. ಮೂರನೆಯ ಅಂಕಿ ಮೊದಲ ತಿಂಗಳಲ್ಲಿ ನಾಚಿಕೆಯಾಗುವಷ್ಟು ಕಡಿಮೆ ಇರುತ್ತದೆ. ಆಸ್ಪತ್ರೆಯಲ್ಲೇ ರೋಹಿಂಗ್ಯಾ ಭಾಷೆ ಬಲ್ಲ ಒಬ್ಬ ಸಹಾಯಕಿಯನ್ನು ಕೂರಿಸಿದರೆ ಏರುತ್ತದೆ. ಇದೇ ಚೀಟಿ, ಇದೇ ಗಾಡಿ ಪಕ್ಕದ ಹಳ್ಳಿಯ ಸಮುದಾಯ ಕ್ಲಿನಿಕ್ಕಿಗೂ ಸಿಗಬೇಕು. ಬಾಂಗ್ಲಾದೇಶದಲ್ಲಿ ಸುಮಾರು 6 ಸಾವಿರ ಗ್ರಾಮೀಣರಿಗೆ ಒಂದರಂತೆ ಇಂಥ ಕ್ಲಿನಿಕ್ಕುಗಳಿವೆ, ಅವಕ್ಕೆ ಆಂಬುಲೆನ್ಸ್ ಇಲ್ಲ. ಕ್ಯಾಂಪಿನ ಆಂಬುಲೆನ್ಸ್ ಊರಿನ ಬಸುರಿಯನ್ನು ಹತ್ತಿಸಿಕೊಳ್ಳದೆ ಮುಂದೆ ಹೋದ ಸುದ್ದಿ ಒಂದು ಸಲ ಹಬ್ಬಿದರೆ ಯಾವ ಕರಪತ್ರವೂ ಅದನ್ನು ಅಳಿಸುವುದಿಲ್ಲ.

ಸಾಂಕ್ರಾಮಿಕ ರೋಗಗಳಲ್ಲಿ ಸಮನ್ವಯ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಗಂಟಲಮಾರಿಯ (ಡಿಫ್ತೀರಿಯಾದ) ಉದಾಹರಣೆ ಸಾಕು. 2017ರ ನವೆಂಬರಿನಲ್ಲಿ ಮೊದಲ ಪ್ರಕರಣಗಳು ಕಂಡವು. ಡಿಫ್ತೀರಿಯಾವನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದ ಯುವ ವೈದ್ಯರೇ ಎಲ್ಲ ಕಡೆ ಇದ್ದರು. ಮುಂದಿನ ಒಂದು ವರ್ಷದಲ್ಲಿ ಶಂಕಿತ ಪ್ರಕರಣಗಳು 8 ಸಾವಿರ ದಾಟಿದವು, ನಲವತ್ತಕ್ಕೂ ಹೆಚ್ಚು ಜನ ಸತ್ತರು. ಸಾವು ಅಷ್ಟಕ್ಕೇ ನಿಂತದ್ದರಲ್ಲಿ ಒಗ್ಗಟ್ಟಿನ ಕೆಲಸದ ಪಾಲು ದೊಡ್ಡದು. ಗಂಟಲಿನಲ್ಲಿ ಬೂದುಬಣ್ಣದ, ಅಂಟಿಕೊಂಡ, ಕೆರೆದರೆ ರಕ್ತ ಬರುವ ಪೊರೆ ಇದೆಯೇ ಎಂಬುದು ಗುರುತು. ಬರೀ ಟಾನ್ಸಿಲ್ ಬಾವನ್ನೂ ಒಂದು ಸಂಸ್ಥೆ ಇದರಲ್ಲಿ ಎಣಿಸಿ, ಇನ್ನೊಂದು ಎಣಿಸದೆ ಬಿಟ್ಟರೆ ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದು. ಚಿಕಿತ್ಸೆಗೆ ಬೇಕಾದ ಆಂಟಿಟಾಕ್ಸಿನ್ ಕುದುರೆಯ ಸೀರಮ್ಮಿನಿಂದ ತಯಾರಾಗುವಂಥದು, ಜಗತ್ತಿನಲ್ಲೇ ದಾಸ್ತಾನು ಕಡಿಮೆ. ರೋಗ ಎಷ್ಟು ತೀವ್ರವಾಗಿದೆ ಎಂಬುದರ ಮೇಲೆ 20 ಸಾವಿರದಿಂದ 1 ಲಕ್ಷ ಯೂನಿಟ್. ಅಲರ್ಜಿಯಾದರೆ ಪ್ರಾಣಕ್ಕೆ ಕುತ್ತು, ಆದ್ದರಿಂದ ಪರೀಕ್ಷಾ ಡೋಸ್, ಪಕ್ಕದಲ್ಲೇ ಅಡ್ರಿನಲಿನ್, ಕಣ್ಣಿಟ್ಟು ನೋಡುವ ನರ್ಸ್ ಇಲ್ಲದೆ ಕೊಡುವಂತಿಲ್ಲ. ಜೀವಕೋಶಕ್ಕೆ ಅಂಟಿಬಿಟ್ಟ ವಿಷಕ್ಕೆ ಇದು ನಾಟುವುದಿಲ್ಲ, ತಡವಾದರೆ ವ್ಯರ್ಥ. ಹಾಗಾಗಿ ಈ ಔಷಧವನ್ನು ಕ್ಲಿನಿಕ್ಕುಗಳಿಗೆಲ್ಲ ಹಂಚಬಾರದು. ಗೊತ್ತುಮಾಡಿದ ಪ್ರತ್ಯೇಕ ಚಿಕಿತ್ಸಾ ಕೇಂದ್ರಗಳಲ್ಲಿ ಮಾತ್ರ ಇಟ್ಟು, ಉಳಿದವರು ಬೇಗ ಗುರುತಿಸಿ ಬೇಗ ಕಳಿಸಬೇಕು. ಹತ್ತಿರದಲ್ಲಿದ್ದವರಿಗೆ ಆ್ಯಂಟಿಬಯೋಟಿಕ್ ಮತ್ತು ಲಸಿಕೆ. ಇದಕ್ಕೆ ಕ್ಯಾಂಪಿಗೆ ಒಂದೇ ತಂಡ ಇರಲಿ, ಇಲ್ಲದಿದ್ದರೆ ಒಂದು ಮನೆಗೆ ಮೂರು ಸಂಸ್ಥೆಯವರು ಹೋಗುತ್ತಾರೆ, ಪಕ್ಕದ ಮನೆಗೆ ಯಾರೂ ಹೋಗುವುದಿಲ್ಲ.

ಇದರ ಬೆನ್ನಲ್ಲೇ ರೋಗಗಳ ಮುನ್ನೆಚ್ಚರಿಕೆ ವರದಿ ವ್ಯವಸ್ಥೆ ಬಂತು. ಅದರಲ್ಲಿ ನೀವು ಬಿಡದೆ ಕೇಳಬೇಕಾದ್ದು ‘ಸೊನ್ನೆ ವರದಿ’. ದಡಾರ ಈ ವಾರ ಒಂದೂ ಇಲ್ಲ ಎಂದು ಬರೆಯುವುದು ಬೇರೆ, ವರದಿಯನ್ನೇ ಕಳಿಸದಿರುವುದು ಬೇರೆ. ದಡಾರ ಶಂಕೆಯ ಒಂದು ಮಗು, ದಿಢೀರನೆ ಕೈಕಾಲು ಸೋತ ಒಂದು ಮಗು ಕಂಡರೂ ವಾರಾಂತ್ಯಕ್ಕೆ ಕಾಯದೆ ಅಂದೇ ಫೋನ್. ಶೇಕಡಾ 80ಕ್ಕಿಂತ ಕಡಿಮೆ ಕ್ಲಿನಿಕ್ಕುಗಳು ಹೊತ್ತಿಗೆ ವರದಿ ಕಳಿಸುತ್ತಿದ್ದರೆ ಆ ಗ್ರಾಫ್ ನೋಡಿ ತೀರ್ಮಾನ ಮಾಡಬೇಡಿ. ಫಾರ್ಮುಗಳು ಇಂಟರ್ನೆಟ್ ಇಲ್ಲದೆಯೂ ತುಂಬುವಂತಿರಲಿ: 2019ರ ಸೆಪ್ಟೆಂಬರಿನಿಂದ 2020ರ ಆಗಸ್ಟಿನವರೆಗೆ ಕ್ಯಾಂಪುಗಳಲ್ಲಿ ಮೊಬೈಲ್ ಇಂಟರ್ನೆಟ್ ನಿರ್ಬಂಧವಿತ್ತು. ಸರ್ಕಾರಿ ಆಸ್ಪತ್ರೆಗಳು ತಮ್ಮದೇ ಆರೋಗ್ಯ ಅಂಕಿಅಂಶ ತಂತ್ರಾಂಶವಾದ ಡಿಎಚ್‌ಐಎಸ್-2ರಲ್ಲಿ ಅಂಕಿ ತುಂಬುತ್ತವೆ. ಎರಡೂ ಕಡೆಯ ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಇಡದಿದ್ದರೆ ಕ್ಯಾಂಪಿನ ಕಾಲರಾ ಹಳ್ಳಿಗೆ ದಾಟಿದ್ದು, ಹಳ್ಳಿಯ ಡೆಂಗಿ ಕ್ಯಾಂಪಿಗೆ ಬಂದದ್ದು ಎರಡು ವಾರ ತಡವಾಗಿ ಕಾಣುತ್ತದೆ. 2017ರ ಅಕ್ಟೋಬರಿನಲ್ಲಿ ಬಾಯಿಗೆ ಹಾಕುವ ಕಾಲರಾ ಲಸಿಕೆಯ ದೊಡ್ಡ ಅಭಿಯಾನ ನಡೆಯಿತು, 9 ಲಕ್ಷ ಡೋಸ್ ತರಿಸಿದ್ದರು. ಮುಂದಿನ ಸುತ್ತುಗಳಲ್ಲಿ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿಕೊಂಡರು. ಲಸಿಕೆಯ ಜೊತೆ ನೀರು, ಶೌಚಾಲಯದವರನ್ನೂ ಎಳೆದುಕೊಳ್ಳಿ: ದಿನಕ್ಕೆ ತಲಾ 15 ಲೀಟರ್, 20 ಜನಕ್ಕೊಂದು ಶೌಚಾಲಯ ಎಂಬುದು ಕನಿಷ್ಠ ಮಟ್ಟ. ಆರಂಭದಲ್ಲಿ ಅವಸರದಿಂದ ತೋಡಿದ, ಹೆಚ್ಚು ಆಳವಿಲ್ಲದ ಕೊಳವೆಬಾವಿಗಳ ಪಕ್ಕದಲ್ಲೇ ಶೌಚದ ಗುಂಡಿಗಳಿದ್ದವು. ಟೆಕ್ನಾಫಿನಲ್ಲಂತೂ ಬೇಸಿಗೆಯಲ್ಲಿ ಊರಿನವರ ಬಾವಿಯೂ ಬತ್ತುತ್ತದೆ, ಜಗಳ ಅಲ್ಲಿಂದ ಹುಟ್ಟುತ್ತದೆ.

ಇನ್ನು ‘ಬಂದವರಿಗೆ ಎಲ್ಲಾ, ನಮಗೇನೂ ಇಲ್ಲ’ ಎನ್ನುವ ಊರಿನವರ ಮಾತು. ಅದು ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳಿನ ಅರ್ಧಕ್ಕೆ ಅಂಕಿ ತೋರಿಸಿದರೆ ಯಾರೂ ಕೇಳುವುದಿಲ್ಲ. ನಿಜದ ಅರ್ಧವನ್ನು ಸರಿಮಾಡಿ. ಎಲ್ಲಕ್ಕಿಂತ ದೊಡ್ಡ ನಿಜ ಸಂಬಳದ್ದು. ಸಂಸ್ಥೆಗಳು ಹೆಚ್ಚು ಕೊಟ್ಟರೆ ತಾಲ್ಲೂಕು ಆಸ್ಪತ್ರೆಯ ನರ್ಸು, ಲ್ಯಾಬ್ ಟೆಕ್ನಿಷಿಯನ್, ಸೂಲಗಿತ್ತಿ ತರಬೇತಿ ಪಡೆದವರು ಕ್ಯಾಂಪಿಗೆ ಹೋಗುತ್ತಾರೆ. ಕ್ಯಾಂಪಿನಲ್ಲಿ ರಾತ್ರಿ ಹೆರಿಗೆ ನಡೆಯುತ್ತದೆ, ಊರಿನ ಹೆರಿಗೆ ಕೋಣೆಗೆ ಬೀಗ ಬೀಳುತ್ತದೆ. ಸಂಬಳಕ್ಕೆ ಮೇಲ್ಮಿತಿ, ಸರ್ಕಾರಿ ಹುದ್ದೆ ಬಿಟ್ಟು ಬರುವವರನ್ನು ತೆಗೆದುಕೊಳ್ಳುವ ಮೊದಲು ಸಿವಿಲ್ ಸರ್ಜನ್ ಕಚೇರಿಗೆ ತಿಳಿಸುವುದು, ಉಪಜಿಲ್ಲಾ ಆಸ್ಪತ್ರೆಯಲ್ಲಿ ಯೋಜನೆಯ ಹಣದಿಂದ ಹೆಚ್ಚುವರಿ ನರ್ಸುಗಳನ್ನು ಇಡುವುದು: ಈ ಮೂರನ್ನೂ ವಲಯದ ಎಲ್ಲ ಸಂಸ್ಥೆಗಳು ಒಟ್ಟಿಗೆ ಒಪ್ಪಬೇಕು, ಒಬ್ಬರು ಮುರಿದರೂ ಉಳಿದವರು ಮುರಿಯುತ್ತಾರೆ. ಸ್ಥಳೀಯರಿಗೆಂದು ಬೇರೆಯೇ ಶಿಬಿರ ನಡೆಸಿ, ಮಾತ್ರೆ ಹಂಚಿ, ಬ್ಯಾನರ್ ಮುಂದೆ ಫೋಟೊ ತೆಗೆಯುವುದಕ್ಕಿಂತ ಸರ್ಕಾರಿ ಆಸ್ಪತ್ರೆಗೆ ಹಾಕಿದ ಒಂದು ರೂಪಾಯಿ ಲೇಸು. 2020ರ ಜೂನಿನಲ್ಲಿ ಕೊರೊನಾ ಕಾಲದಲ್ಲಿ ಸದರ್ ಆಸ್ಪತ್ರೆಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ನೆರವಿನಿಂದ ತೀವ್ರ ನಿಗಾ ಘಟಕ ತೆರೆಯಿತು. ಅದು ಇಡೀ ಜಿಲ್ಲೆಗೆ ಮೊದಲನೆಯದು. ಅಲ್ಲಿನ ವೆಂಟಿಲೇಟರ್ ರೋಗಿಯ ಗುರುತಿನ ಚೀಟಿ ಕೇಳುವುದಿಲ್ಲ. ನಿಮ್ಮ ಜಿಲ್ಲೆಯಲ್ಲೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ ಇದೆಯಲ್ಲ, ಅಲ್ಲಿನ ಟಿಬೆಟನ್ ಆಸ್ಪತ್ರೆಗೆ ಸುತ್ತಲಿನ ಹಳ್ಳಿಯವರೂ ಹೋಗುತ್ತಾರೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಲಿ: ಅವರಿಗೆ 1960ರ ದಶಕದಿಂದ ಉಳಲು ಭೂಮಿ, ಓಡಾಡಲು ದಾರಿ ಇದೆ. ಇಲ್ಲಿ ಬೇಲಿ ಇದೆ.

ಭಾಷೆಯಲ್ಲಿ ಎಡವಬೇಡಿ. ರೋಹಿಂಗ್ಯಾ ಮಾತು ಚಿತ್ತಗಾಂಗಿನ ಮಾತಿಗೆ ಹತ್ತಿರ, ಢಾಕಾದ ಬಂಗಾಳಿಗೆ ದೂರ. ಚಿತ್ತಗಾಂಗಿನವರಿಗೂ ಎಲ್ಲವೂ ತಿಳಿಯದು. ಬೀದರಿನ ಅಜ್ಜಿಯ ಮಾತನ್ನು ಕುಂದಾಪುರದ ವೈದ್ಯರು ಕೇಳಿಸಿಕೊಂಡಂತೆ. ಹೆಂಗಸರ ಕಾಯಿಲೆ, ಮನಸ್ಸಿನ ನೋವು, ಭೇದಿಯ ಬಗೆಗಿನ ಮಾತುಗಳಲ್ಲೇ ಹೆಚ್ಚು ವ್ಯತ್ಯಾಸ. ಹೆಚ್ಚಿನವರಿಗೆ ಓದು ಬರಹ ಬಾರದ್ದರಿಂದ ಕರಪತ್ರಕ್ಕೆ ಹಣ ಸುರಿಯಬೇಡಿ. ಮನೆಮನೆಗೆ ಹೋಗುವ ರೋಹಿಂಗ್ಯಾ ಸ್ವಯಂಸೇವಕಿಯರೇ ನಿಮ್ಮ ಆಶಾ ಕಾರ್ಯಕರ್ತೆಯರು, ಸಾವಿರ ಜನಕ್ಕೆ ಒಬ್ಬರಾದರೂ ಬೇಕು. ಬ್ಲಾಕಿನ ಮುಖಂಡನಿಗೆ ‘ಮಾಝಿ’ ಎನ್ನುತ್ತಾರೆ. ಅವನಿಗೆ ತಿಳಿಸದೆ ಕೆಲಸ ನಡೆಯದು, ಅವನೊಬ್ಬನ ಮಾತೇ ಕ್ಯಾಂಪಿನ ಮಾತು ಎಂದುಕೊಂಡರೂ ನಡೆಯದು.

ಕಡೆಗೆ ಹಣ. 2025ರಲ್ಲಿ ವಿಶ್ವಸಂಸ್ಥೆ ಮತ್ತು ಜೊತೆಗಾರರು ನಿರಾಶ್ರಿತರು, ಸ್ಥಳೀಯರು ಸೇರಿ 14.8 ಲಕ್ಷ ಜನರಿಗೆ, ಎರಡು ವರ್ಷದ ಯೋಜನೆಯ ಮೊದಲ ವರ್ಷಕ್ಕೆ 93.45 ಕೋಟಿ ಡಾಲರ್ ಕೇಳಿದರು. ಕೇಳಿದಷ್ಟು ಬರುವ ಕಾಲ ಇದಲ್ಲ. ಅದೇ ವರ್ಷ ಅಮೆರಿಕದ ನೆರವು ಕಡಿತವಾದಾಗ ಕ್ಯಾಂಪಿನ ಆರೋಗ್ಯ ಸೇವೆಗಳಿಗೂ ಪೆಟ್ಟು ಬಿತ್ತು. ಯಾವುದನ್ನು ಮೊದಲು ಮುಚ್ಚಬೇಕೆಂಬ ಪಟ್ಟಿ ಹಣ ಇರುವಾಗಲೇ ಸಿದ್ಧವಾಗಿರಲಿ. ಕಾಲು ಗಂಟೆ ನಡಿಗೆಯೊಳಗೆ ಇನ್ನೊಂದು ಕ್ಲಿನಿಕ್ ಇರುವಂಥವು ಮೊದಲು ಹೋಗಲಿ. ರಾತ್ರಿ ಹೆರಿಗೆ ಮಾಡಿಸುವ ಕೇಂದ್ರಗಳು, ರೆಫರಲ್ ಗಾಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಇಟ್ಟ ನರ್ಸುಗಳು ಕೊನೆಯವರೆಗೆ ಉಳಿಯಲಿ. ಮುಚ್ಚುವ ಕ್ಲಿನಿಕ್ಕಿನ ಕ್ಷಯ, ಬಿಪಿ, ಸಕ್ಕರೆ ರೋಗಿಗಳ ಹೆಸರಿನ ಪಟ್ಟಿಯನ್ನು ಮುಂದಿನ ಕ್ಲಿನಿಕ್ಕಿಗೆ ಕೈಯಾರೆ ಕೊಟ್ಟು ಸಹಿ ಪಡೆಯಿರಿ, ಅವರಿಗೆ ಎರಡು ತಿಂಗಳ ಮಾತ್ರೆ ಮುಂಗಡ ಕೊಡಿ, ಸ್ವಯಂಸೇವಕಿಯರು ಮೂರನೆಯ ವಾರದಲ್ಲಿ ಮನೆಗೆ ಹೋಗಿ ಹೊಸ ಕಾರ್ಡ್ ಮಾಡಿಸಿದ್ದಾರೆಯೇ ಎಂದು ನೋಡಿ ಬರಲಿ.